ಪ್ಲಾಸ್ಟರ್ ಗೊಂಬೆಗೆ ಬಣ್ಣ: ಮೊದಲು ಒಣಗಲಿ, ಆಮೇಲೆ ಬ್ರಷ್

ದಸರಾ ಗೊಂಬೆಗಳ ಸಾಲಿಗೆ ಒಂದು ಹಂಸ, ದೇವರ ಮನೆ ಬಾಗಿಲಿಗೆ ಎರಡು ಕಮಲ. ಸಿಲಿಕಾನ್ ಅಚ್ಚು, ಒಂದು ಕಿಲೋ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಇದ್ದರೆ ಮುಂಬೈ ಮಾಟುಂಗಾದ ಪುಟ್ಟ ಫ್ಲ್ಯಾಟಿನಲ್ಲೂ ಇವನ್ನು ಮಾಡಿಕೊಳ್ಳಬಹುದು. ಎರಕ ಹೊಯ್ಯುವುದು ಸುಲಭ. ಕೆಲಸ ಕೆಡುವುದು ಬಣ್ಣದಲ್ಲಿ. ನವರಾತ್ರಿಗೆ ಹಚ್ಚಿದ ಬಣ್ಣ ಸಂಕ್ರಾಂತಿ ಹೊತ್ತಿಗೆ ಗುಳ್ಳೆ ಎದ್ದು ಉದುರುತ್ತದೆ. ಹೆಚ್ಚಿನ ಸಲ ಇದು ಬಣ್ಣದ ದೋಷವಲ್ಲ, ಒಳಗೆ ಉಳಿದ ತೇವದ ಕಾಟ.

ಯಾಕೆ ಅಂದರೆ, 100 ಗ್ರಾಂ ಪಿಒಪಿ ಗಟ್ಟಿಯಾಗಲು ಸುಮಾರು 19 ಗ್ರಾಂ ನೀರು ಸಾಕು. ಆದರೆ ಅಷ್ಟರಲ್ಲಿ ಕಲಸಿದರೆ ಅಚ್ಚಿಗೆ ಹರಿಯುವುದೇ ಇಲ್ಲ. ಅದಕ್ಕೇ 60–70 ಗ್ರಾಂ ಹಾಕುತ್ತೇವೆ. ಹೆಚ್ಚಾದ ನೀರೆಲ್ಲ ಆವಿಯಾಗಿಯೇ ಹೊರಗೆ ಹೋಗಬೇಕು. ಅರ್ಧ ಗಂಟೆಗೆ ಗೊಂಬೆ ಗಟ್ಟಿಯಾಗುತ್ತದೆ ನಿಜ, ಒಣಗಲು ಮಾತ್ರ ದಿನಗಟ್ಟಲೆ ಬೇಕು. ಮುಂಬೈ ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ.

ಒಣಗಿದೆಯೋ ಇಲ್ಲವೋ ಅಂತ ನೋಡಲು ಗೊಂಬೆಯನ್ನು ನಿಮ್ಮ ಕೆನ್ನೆಗೆ ಒತ್ತಿ ಹಿಡಿಯಿರಿ. ತಣ್ಣಗೆನಿಸಿದರೆ ಇನ್ನೂ ಹಸಿ. ಇದಕ್ಕಿಂತ ನಂಬಿಕೆಯ ದಾರಿ ಅಡುಗೆಮನೆಯ ತಕ್ಕಡಿ. ದಿನಾ ತೂಗಿ, ಗೊಂಬೆಯ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಗ್ರಾಂ ಬರೆಯಿರಿ. 212, 198, 187 ಹೀಗೆ ಇಳಿಯುತ್ತಾ ಬಂದು ಎರಡು ದಿನ ಒಂದೇ ಸಂಖ್ಯೆ ನಿಂತರೆ ಒಣಗಿತು ಎಂದರ್ಥ. ಬೇಗ ಆಗಲಿ ಅಂತ ಓವನ್‌ಗೆ ಇಡಬೇಡಿ. ಜಾಸ್ತಿ ಬಿಸಿ ತಗುಲಿದರೆ ಪ್ಲಾಸ್ಟರ್ ಗಟ್ಟಿತನ ಕಳೆದುಕೊಂಡು ಪುಡಿಪುಡಿಯಾಗುತ್ತದೆ. ಅಡಿಗೆ ಎರಡು ಕಡ್ಡಿ ಕೊಟ್ಟು, ಫ್ಯಾನ್ ಗಾಳಿ ಎಲ್ಲ ಕಡೆ ಆಡುವಂತೆ ಇಡಿ, ಸಾಕು.

ಗಾಳಿಗುಳ್ಳೆಯ ತೂತುಗಳಿಗೆ ಗೋಡೆ ಪುಟ್ಟಿ ತುಂಬಿ. ಅದು ಒಣಗಿದ ಮೇಲೆ 220 ನಂಬರಿನ ಪಾಲಿಶ್ ಪೇಪರ್‌ನಿಂದ, ಆಮೇಲೆ 320ರಿಂದ ಹಗುರವಾಗಿ ಉಜ್ಜಿ. ಮಾಸ್ಕ್ ಹಾಕಿಕೊಳ್ಳಿ. ಪಿಒಪಿ ಕಲಸಿದ ಪಾತ್ರೆಯನ್ನು ಸಿಂಕಿನಲ್ಲಿ ತೊಳೆಯಬೇಡಿ, ಪೈಪಿನೊಳಗೇ ಗಟ್ಟಿಯಾಗಿ ಕೂರುತ್ತದೆ.

ಇನ್ನು ಹಲವರು ಬಿಟ್ಟುಬಿಡುವ ಹಂತ. ಬರಿ ಪ್ಲಾಸ್ಟರ್ ಮೇಲೆ ಬ್ರಷ್ ಇಟ್ಟರೆ ನೀರನ್ನೆಲ್ಲ ಅದು ಹೀರಿಬಿಡುತ್ತದೆ, ಬ್ರಷ್ ತಡವರಿಸುತ್ತದೆ, ಬಣ್ಣ ಕಲೆ ಕಲೆಯಾಗುತ್ತದೆ. ಒಂದು ಪಾಲು ಫೆವಿಕಾಲ್‌ಗೆ ನಾಲ್ಕು ಪಾಲು ನೀರು ಸೇರಿಸಿ ತೆಳ್ಳಗೆ ಹಚ್ಚಿ. ಒಣಗಿದ ಮೇಲೆ ಇನ್ನೊಮ್ಮೆ. ಬೆನ್ನಿಗೆ ಮಾತ್ರ ಈಗಲೇ ಬೇಡ. ಅಲ್ಪಸ್ವಲ್ಪ ತೇವ ಉಳಿದಿದ್ದರೆ ಆ ದಾರಿಯಲ್ಲಿ ಹೋಗಲಿ.

ಬಣ್ಣ ಅಕ್ರಿಲಿಕ್ ಇರಲಿ. ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದರೆ ಬ್ರಷ್‌ನಿಂದ ಹಿಡಿದು ಎಲ್ಲವೂ ಸಿಗುತ್ತದೆ. ದಪ್ಪಗೆ ಒಂದೇ ಸಲ ಬಳಿಯುವ ಬದಲು ತೆಳ್ಳಗೆ ಎರಡು ಸಲ ಬಳಿಯಿರಿ, ಗೆರೆಗಳು ಮುಚ್ಚಿಹೋಗುವುದಿಲ್ಲ.

ಅಂಗೈ ಅಗಲದ ಕಮಲ ಅಂತಿಟ್ಟುಕೊಳ್ಳಿ. ಎಸಳಿಗೆಲ್ಲ ತಿಳಿ ಗುಲಾಬಿ ಹಚ್ಚಿ ಒಣಗಲು ಬಿಡಿ. ಕಡು ಕಂದು ಬಣ್ಣವನ್ನು ನೀರು ನೀರಾಗಿ ಕಲಸಿ ಮೇಲೆ ಹರಿಸಿ. ಅದು ಎಸಳುಗಳ ಸಂದಿಗೆ ತಾನಾಗಿ ಇಳಿಯುತ್ತದೆ. ತಕ್ಷಣ ಬಟ್ಟೆಯಿಂದ ಮೇಲ್ಭಾಗ ಒರೆಸಿ. ಸಂದಿಯಲ್ಲಿ ಕಂದು, ಮೇಲ್ಭಾಗದಲ್ಲಿ ಗುಲಾಬಿ ಉಳಿದು ಪ್ರತಿ ಎಸಳೂ ಬೇರೆ ಬೇರೆಯಾಗಿ ಎದ್ದು ಕಾಣುತ್ತದೆ. ಈ ಒಂದು ಕೆಲಸಕ್ಕೇ ಗೊಂಬೆಗೆ ಜೀವ ಬರುವುದು. ಕೊನೆಗೆ ಚಿನ್ನದ ಬಣ್ಣ. ಒಣ ಬ್ರಷ್‌ನ ತುದಿಗೆ ಸ್ವಲ್ಪ ತಾಗಿಸಿ, ಹಳೆ ಪೇಪರ್ ಮೇಲೆ ಒರೆಸಿ, ಉಳಿದಷ್ಟನ್ನು ಅಂಚುಗಳ ಮೇಲೆ ಸುಮ್ನೆ ಸವರಿ. ಇಡೀ ಗೊಂಬೆಯೇ ಚಿನ್ನದ್ದಾಗಬೇಕು ಅಂದರೆ ಚಿನ್ನಕ್ಕೆ ಮೊದಲು ಎಲ್ಲ ಕಡೆ ಕೆಂಗಂದು ಬಳಿಯಿರಿ. ಬಿಳಿಯ ಮೇಲೆ ಚಿನ್ನ ಪೇಲವವಾಗಿ ಕಾಣುತ್ತದೆ ಅಲ್ವಾ, ಕೆಂಪಿನ ಮೇಲೆ ಹಾಗಾಗದು.

ಒಂದು ದಿನ ಬಿಟ್ಟು, ವಾಟರ್‌ಬೇಸ್ಡ್ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹಚ್ಚಿ. ಎಣ್ಣೆ ವಾರ್ನಿಷ್ ಕಾಲಕ್ರಮೇಣ ಹಳದಿಯಾಗುತ್ತದೆ. ಸ್ಪ್ರೇ ಹೊಡೆಯುವುದಾದರೆ ಮಳೆಯ ದಿನ ಬೇಡವೇ ಬೇಡ, ಗಾಳಿಯ ತೇವಕ್ಕೆ ಅದು ಬೆಳ್ಳಗೆ ಮಂಜು ಕಟ್ಟುತ್ತದೆ.

ಗಣಪತಿಯನ್ನು ಮಾತ್ರ ಪಿಒಪಿಯಲ್ಲಿ ಮಾಡಿ ನೀರಿಗೆ ಬಿಡಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯೂ ಪಿಒಪಿ ಮೂರ್ತಿ ಬೇಡ ಎಂದಿತ್ತು. ವಿಸರ್ಜನೆಗೆ ಶಾಡೂ ಎನ್ನುವ ಜೇಡಿಮಣ್ಣೇ ಸರಿ.

ಗೋಡೆಗೆ ತೂಗುಹಾಕುವ ಮುನ್ನ ಬೆನ್ನಿಗೂ ಫೆವಿಕಾಲ್ ನೀರು ಹಚ್ಚಿ, ನಾಲ್ಕು ಮೂಲೆಗೆ ಕಾರ್ಕ್ ಚೂರು ಅಂಟಿಸಿ. ಮಳೆಗೆ ಒಸರುವ ಗೋಡೆಗೆ ಗೊಂಬೆ ತಾಗಬಾರದು. ಧೂಳು ಕೂತರೆ ಒಣ ಬ್ರಷ್‌ನಿಂದ ಕೊಡವಿ, ಒದ್ದೆ ಬಟ್ಟೆ ಬೇಡ.