ರೀಮ್ಯಾಪ್ ಮಾಡಿಸುವ ಮುಂಚೆ ಬ್ರೇಕ್ ನೋಡಿ

ನನ್ನದು 2014ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಏಳು ಗೇರಿನ ಡಿಎಸ್‌ಜಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ತೆಗೆದುಕೊಂಡ ಎರಡನೇ ವರ್ಷಕ್ಕೇ ರೀಮ್ಯಾಪ್ ಮಾಡಿಸಿದೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸಿಕೊಂಡೆ. ಬೇರೆ ಏನನ್ನೂ ಮುಟ್ಟಲಿಲ್ಲ.

ಮುಂದಿನ ವರ್ಷ ಬೆಂಗಳೂರಿನಿಂದ ಉಜಿರೆಯ ಮನೆಗೆ ಹೋಗುವಾಗ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಹತ್ತು ನಿಮಿಷ ಜೋರಾಗಿ ಇಳಿದಿರಬೇಕು, ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗಳು. ಮ್ಯಾನ್ಯುಯಲ್ ಮೋಡಿಗೆ ಹಾಕಿ, ಒಂದೊಂದೇ ಗೇರ್ ಇಳಿಸಿ, ಅಗಲ ಜಾಗ ಸಿಕ್ಕ ಕಡೆ ನಿಲ್ಲಿಸಿದೆ. ಬ್ರೇಕ್ ಆಯಿಲ್ ಕಂಪನಿಯಿಂದ ಬಂದದ್ದೇ ಇತ್ತು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಆಯಿಲಿಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆ. ಆವಿ ಅದುಮಿಕೊಳ್ಳುತ್ತದೆ, ಪ್ಯಾಡಿಗೆ ಒತ್ತಡ ಹೋಗುವುದೇ ಇಲ್ಲ.

ಅದಕ್ಕೇ ನಾನು ಹೇಳುವ ಮೊದಲ ಮಾಡಿಫಿಕೇಶನ್ ಬ್ರೇಕಿನದು. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ, ಅಂದರೆ ಪೈಪಿನ ಗಾಳಿ ಹೊರಗೆ ತೆಗೆಸಿ. ಒಳ್ಳೆಯ ಪ್ಯಾಡ್ ಹಾಕಿಸಿ. ರೇಸಿಂಗ್ ಪ್ಯಾಡ್ ಬೇಡ, ತಣ್ಣಗಿರುವಾಗ ಅದು ಸರಿಯಾಗಿ ಹಿಡಿಯುವುದಿಲ್ಲ. ಊರೊಳಗೆ ಓಡಿಸುವ ಗಾಡಿಗೆ ಅಪಾಯ.

ಎರಡನೆಯದು ಟೈರ್. ಎಂಜಿನ್ ಎಷ್ಟೇ ಶಕ್ತಿ ಕೊಡಲಿ, ರಸ್ತೆಗೆ ಮುಟ್ಟಿಸುವುದು ಅದೇ ಅಲ್ವಾ? ನನ್ನ ಗಾಡಿಯ 185/60 ಆರ್15 ತೆಗೆದು 195/55 ಆರ್15 ಹಾಕಿಸಿದೆ. ಚಕ್ರದ ಸುತ್ತಳತೆಯಲ್ಲಿ ಶೇ. 1ರಷ್ಟು ಮಾತ್ರ ವ್ಯತ್ಯಾಸ, ಸ್ಪೀಡೋಮೀಟರ್ ಕೆಡುವುದಿಲ್ಲ. ಹದಿನೇಳು ಇಂಚಿನ ಭಾರದ ಅಲಾಯ್ ಹಾಕಿ ಗಾಡಿಯನ್ನು ಮಂದ ಮಾಡಿಕೊಂಡವರನ್ನು ತುಂಬಾ ಜನರನ್ನು ನೋಡಿದ್ದೇನೆ.

ತೂಕದ ವಿಷಯದಲ್ಲಿ ನಾನು ಹಟಮಾರಿ. ನನ್ನ ಲೆಕ್ಕದಲ್ಲಿ ಸ್ಪೋರ್ಟ್ಸ್ ಕಾರ್ ಅಂದರೆ ಹಗುರ ಕಾರ್. 1989ರ ಮಜ್ದಾ ಎಂಎಕ್ಸ್-5 ನೋಡಿ. ಬರೀ 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ, ಹಿಂದಿನ ಚಕ್ರಕ್ಕೆ ಶಕ್ತಿ. 1996ರ ಲೋಟಸ್ ಎಲೀಸ್ ಇನ್ನೂ ಹಗುರ, ಸುಮಾರು 725 ಕೆಜಿ. ಎರಡು ಟನ್ನಿನ, 500 ಪಿಎಸ್ಸಿನ ಎಸ್‌ಯುವಿಯನ್ನು ಸ್ಪೋರ್ಟ್ಸ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನೇರ ರಸ್ತೆಯಲ್ಲಿ ಓಡುತ್ತದೆ, ಸರಿ. ಚಾರ್ಮಾಡಿಯ ತಿರುವಿನಲ್ಲಿ ಆ ತೂಕ ಎಲ್ಲಿಗೆ ಹೋಗುತ್ತದೆ? ಪೋಲೊ ಡಿಕ್ಕಿಯಲ್ಲಿದ್ದ ಸಬ್‌ವೂಫರ್ ತೆಗೆದ ದಿನವೇ ನನಗೆ ವ್ಯತ್ಯಾಸ ಗೊತ್ತಾಯಿತು.

ಈಗ ರೀಮ್ಯಾಪ್. ಮೊದಲು ಹೊಸ ಸ್ಪಾರ್ಕ್ ಪ್ಲಗ್, ಹೊಸ ಏರ್ ಫಿಲ್ಟರ್, ಕಂಪನಿ ಹೇಳಿದ ದರ್ಜೆಯ ಫುಲ್ ಸಿಂಥೆಟಿಕ್ ಆಯಿಲ್. ಟರ್ಬೊ ಪೈಪುಗಳಲ್ಲಿ ಎಲ್ಲಾದರೂ ಗಾಳಿ ಸೋರುತ್ತಿದೆಯಾ ನೋಡಿಸಿ. ಕಾಯಿಲೆ ಇರುವ ಎಂಜಿನ್ನಿಗೆ ರೀಮ್ಯಾಪ್ ಮಾಡಿದರೆ ಕಾಯಿಲೆ ಜಾಸ್ತಿಯಾಗುತ್ತದೆ, ಅಷ್ಟೇ. ನಾನು ಆಯಿಲನ್ನು 7,500 ಕಿಲೋಮೀಟರಿಗೇ ಬದಲಿಸುತ್ತೇನೆ.

ರೀಮ್ಯಾಪಿನಲ್ಲಿ ಇಸಿಯು (ಎಂಜಿನ್ ಕಂಪ್ಯೂಟರ್) ಒಳಗಿನ ಲೆಕ್ಕಗಳು ಬದಲಾಗುತ್ತವೆ: ಟರ್ಬೊ ಎಷ್ಟು ಗಾಳಿ ತುಂಬಬೇಕು, ಪೆಟ್ರೋಲ್ ಎಷ್ಟು, ಕಿಡಿ ಯಾವಾಗ. ಇಲ್ಲಿ ಮುಖ್ಯ ಶತ್ರು ನಾಕಿಂಗ್. ಅಂದರೆ ಸಿಲಿಂಡರಿನ ಒಳಗೆ ಉರಿ ಇನ್ನೂ ತಲುಪದ ಮೂಲೆಯ ಮಿಶ್ರಣ ಬಿಸಿಗೆ, ಒತ್ತಡಕ್ಕೆ ತಾನೇ ಸಿಡಿಯುವುದು. ಜೋರಾದರೆ ಪಿಸ್ಟನ್ನೇ ಒಡೆಯುತ್ತದೆ. ಹೆಚ್ಚು ಆಕ್ಟೇನ್ ಇರುವ ಪೆಟ್ರೋಲ್ ಇದನ್ನು ತಡೆಯುತ್ತದೆ. 95 ಆಕ್ಟೇನಿಗೆ ಬರೆಸಿದ ಮ್ಯಾಪ್ (ಇಸಿಯು ಲೆಕ್ಕಗಳ ಫೈಲ್) ಇದ್ದರೆ ಪ್ರತಿ ಸಲವೂ 95 ಹಾಕಿಸಿ. ಊರ ಕಡೆ ಸಿಗುವುದಿಲ್ಲ ಅನ್ನುವುದಾದರೆ ಸಾಮಾನ್ಯ ಪೆಟ್ರೋಲಿಗೇ ಮ್ಯಾಪ್ ಬರೆಸಿ. ನಾನು ಮಾಡಿಸಿದ್ದು ಹಾಗೇ.

ಇನ್ನೊಂದು ವಿಷಯ ಬೆಂಗಳೂರಿನವರು ಮರೆಯುತ್ತಾರೆ. ನಮ್ಮದು ಸುಮಾರು 900 ಮೀಟರ್ ಎತ್ತರದ ಊರು. ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 10ರಷ್ಟು ಕಡಿಮೆ. ಅಷ್ಟೇ ಗಾಳಿ ತುಂಬಲು ಇಲ್ಲಿ ಟರ್ಬೊ ಜಾಸ್ತಿ ದುಡಿಯಬೇಕು. ಘಾಟಿ ಇಳಿದರೆ ಗಾಳಿ ದಟ್ಟ, ಆದರೆ ಸೆಕೆ. ಒಳಗೆ ಹೋಗುವ ಗಾಳಿ ಬಿಸಿಯಾದಷ್ಟೂ ನಾಕಿಂಗ್ ಹತ್ತಿರ. ಎರಡೂ ಕಡೆ ಓಡಿಸುತ್ತೀರಿ ಅಂತ ರೀಮ್ಯಾಪ್ ಮಾಡುವ ಟ್ಯೂನರಿಗೆ ಮೊದಲೇ ಹೇಳಿ.

ನನ್ನ ಡಿಎಸ್‌ಜಿ ಡ್ರೈ ಕ್ಲಚ್ಚಿನದು (ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ), ಮಾದರಿ ಡಿಕ್ಯೂ200. ಅದು ತಾಳುವ ಟಾರ್ಕಿನ ಮಿತಿ 250 ಎನ್‌ಎಂ. ಯಾರಾದರೂ 260 ಕೊಡುತ್ತೇವೆ ಅಂದರೆ ಎದ್ದು ಬನ್ನಿ. ನಾನು 220ಕ್ಕೆ ನಿಲ್ಲಿಸಿದೆ, ಕ್ಲಚ್ ಇನ್ನೂ ಚೆನ್ನಾಗಿದೆ. ಮುಂಚಿನ ಮತ್ತು ನಂತರದ ಡೈನೋ ಶೀಟ್ (ಯಂತ್ರದಲ್ಲಿ ಗಾಡಿಯ ಶಕ್ತಿ ಅಳೆದ ವರದಿ) ಎರಡೂ ಕೇಳಿ. ಒಂದೇ ದಿನ, ಒಂದೇ ಪೆಟ್ರೋಲ್, ಒಂದೇ ಯಂತ್ರ ಇರಬೇಕು. ಇಸಿಯುವಿನ ಮೂಲ ಫೈಲ್ ಪೆನ್‌ಡ್ರೈವಿನಲ್ಲಿ ಇಸಿದುಕೊಂಡೇ ಹೊರಡಿ.

ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಬೇಡಿ. ಸದ್ದು ಬರುತ್ತದೆ, ವಿಷದ ಹೊಗೆಯೂ ಬರುತ್ತದೆ, ಅದನ್ನು ಕುಡಿಯುವುದು ಹಿಂದಿನ ಸ್ಕೂಟರಿನವರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಓದಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ವಿಮೆಯವರಿಗೆ ಬರೆದು ತಿಳಿಸಿ, ವಾರಂಟಿ ಇರುವ ಗಾಡಿಯಾದರೆ ಅದು ಮುಗಿಯುವವರೆಗೆ ಕಾಯಿರಿ.

ಮಾಡಿಸಿದ ಮೇಲೆ ಇಸಿಯು ಮಾಹಿತಿ ಓದುವ ಒಂದು ಒಬಿಡಿ ಅಡಾಪ್ಟರ್ ಕೊಂಡು ಫೋನಿಗೆ ಜೋಡಿಸಿ. ಒಳಗೆ ಹೋಗುವ ಗಾಳಿಯ ಬಿಸಿ, ಟರ್ಬೊ ಒತ್ತಡ, ನಾಕಿಂಗ್ ತಪ್ಪಿಸಲು ಕಿಡಿಯನ್ನು ಇಸಿಯು ಎಷ್ಟು ಹಿಂದಕ್ಕೆ ಎಳೆಯುತ್ತಿದೆ (ಎಷ್ಟು ತಡ ಮಾಡುತ್ತಿದೆ), ಇವು ಮೂರನ್ನೂ ಮೊದಲ ತಿಂಗಳು ದಾಖಲಿಸಿ ಇಡಿ. ಓಡಿಸುವಾಗ ಪರದೆ ನೋಡಬೇಡಿ, ಮನೆಗೆ ಬಂದು ನೋಡಿ. ಕಿಡಿ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಆ ದಾಖಲೆ ಹಿಡಿದು ಟ್ಯೂನರ್ ಹತ್ತಿರ ವಾಪಸ್ ಹೋಗಿ.