ಮ್ಯಾಕ್ ಅಡ್ರೆಸ್ ಪ್ಯಾಚ್ ರಿವ್ಯೂ ಮಾಡುವಾಗ ಎರರ್ ಬಂದಾಗ ಕೋಡ್ ಹಿಡಿಯುವ ದಾರಿ ಮೊದಲು ನೋಡಿ

ಎಂಬೆಡೆಡ್ ಲಿನಕ್ಸ್‌ನಲ್ಲಿ ಈಥರ್ನೆಟ್ ಡ್ರೈವರ್ ರಿವ್ಯೂ ಮಾಡುವವರಿಗೆ ಒಂದು ಮಾತು. ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಪೋರ್ಟ್‌ನ 6 ಬೈಟ್ ಗುರುತಿನ ಸಂಖ್ಯೆ) ಸಿಕ್ಕಾಗ ಕೋಡ್ ಏನು ಮಾಡುತ್ತದೆ ಅನ್ನುವುದಕ್ಕಿಂತ, ಸಿಗದಿದ್ದಾಗ ಏನು ಮಾಡುತ್ತದೆ ಅನ್ನುವುದೇ ಜಾಸ್ತಿ ಮುಖ್ಯ.

ಕರ್ನಲ್ ಅದನ್ನು ಮೊದಲು ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರ ಇರುವ ಕಡೆ) ಹುಡುಕುತ್ತದೆ, ಅಲ್ಲಿ ಇಲ್ಲದಿದ್ದರೆ ಎನ್‌ವಿಮೆಮ್‌ಗೆ, ಅಂದರೆ ಕರೆಂಟ್ ಹೋದರೂ ಅಳಿಯದ ಮೆಮೊರಿಗೆ (ಈಪ್ರಾಮ್ ಅಥವಾ ಚಿಪ್‌ನ ಫ್ಯೂಸ್) ಹೋಗುತ್ತದೆ. ಆ ಈಪ್ರಾಮ್‌ನ ಡ್ರೈವರ್ ಇನ್ನೂ ಶುರುವಾಗಿಲ್ಲದಿದ್ದರೆ ಪ್ರೋಬ್ ಡಿಫರ್ ಎರರ್ ಬರುತ್ತದೆ. ಅದರ ಅರ್ಥ ಅಡ್ರೆಸ್ ಇಲ್ಲ ಅಂತಲ್ಲ, ಸ್ವಲ್ಪ ತಡೆದು ಮತ್ತೆ ಬಾ ಅಂತ! ಡ್ರೈವರ್ ಆ ಎರರ್ ಅನ್ನು ಹಾಗೇ ವಾಪಸ್ ಕಳಿಸಬೇಕು. ಯಾವ ಎರರ್ ಬಂದರೂ ಸೀದಾ ರ್ಯಾಂಡಮ್ ಅಡ್ರೆಸ್ ಹಾಕಿಬಿಟ್ಟರೆ ನೆಟ್‌ವರ್ಕ್ ಏನೋ ಓಡುತ್ತದೆ, ಆದರೆ ಪ್ರತಿ ಬೂಟ್‌ಗೂ ಅಡ್ರೆಸ್ ಬದಲಾಗಿ, ಐಪಿ ಹಂಚುವ ಡಿಎಚ್‌ಸಿಪಿಯಲ್ಲಿ ಆ ಬೋರ್ಡ್‌ಗೆ ಕಾದಿರಿಸಿದ ಐಪಿ ಸಿಗುವುದೇ ಇಲ್ಲ. ಟೆಸ್ಟ್‌ನಲ್ಲಿ ಇದು ಕಾಣಿಸುವುದಿಲ್ಲ, ಅದಕ್ಕೇ ಕಣ್ಣಲ್ಲೇ ಹಿಡಿಯಬೇಕು.

ಎರಡು ಪೋರ್ಟ್ ಇರುವ ಬೋರ್ಡ್‌ನಲ್ಲಿ ಎರಡನೆಯದಕ್ಕೆ ಕೊನೆಯ ಬೈಟ್‌ಗೆ ಸುಮ್ನೆ 1 ಕೂಡಿಸಿರುತ್ತಾರೆ. ಆ ಬೈಟ್ ಎಫ್‌ಎಫ್ (ಬೈಟ್‌ನ ಗರಿಷ್ಠ ಬೆಲೆ, 255) ಆಗಿದ್ದರೆ ಮತ್ತೆ 00 ಆಗುತ್ತದೆ, ಹಿಂದಿನ ಬೈಟ್‌ಗೆ ದಶಕ (ಕ್ಯಾರಿ) ಹೋಗುವುದಿಲ್ಲ. ಆಗ ಅದು ಬೇರೆ ಬೋರ್ಡ್‌ನ ಅಡ್ರೆಸ್ ಆಗಿರಬಹುದು, ಅಲ್ವಾ? ಪೂರ್ತಿ 6 ಬೈಟ್‌ಗೂ ಸರಿಯಾಗಿ ಕೂಡಿಸುವ ಫಂಕ್ಷನ್ ಕರ್ನಲ್‌ನಲ್ಲೇ ಇದೆ, ಅದನ್ನೇ ಬಳಸಲು ಹೇಳಿ.

ಖಾಲಿ ಈಪ್ರಾಮ್ ಓದಿದರೆ ಸಾಮಾನ್ಯವಾಗಿ ಎಲ್ಲಾ ಬೈಟೂ ಎಫ್‌ಎಫ್ ಬರುತ್ತದೆ, ಅದರ ಪರೀಕ್ಷೆಯೂ ಇರಲಿ. ಕೊನೆಗೆ ಬೋರ್ಡ್ ಮೇಲೆ ಸಿಸ್‌ಎಫ್‌ಎಸ್‌ನ (ಕರ್ನಲ್ ತನ್ನ ಮಾಹಿತಿ ತೋರಿಸುವ ಫೈಲ್‌ಗಳು) ಅಡ್ರೆಸ್ ಅಸೈನ್ ಟೈಪ್, ಅಂದರೆ ಅಡ್ರೆಸ್ ಹೇಗೆ ಬಂತು ಅನ್ನುವುದನ್ನು ಓದಿ ನೋಡಿ. 1 ಬಂದರೆ ಅದು ರ್ಯಾಂಡಮ್.