ಸಿಗರೇಟು, ಟೈರು, ಮಾತ್ರೆ: ಒಂದು ರಾಜ್ಯದ ಉತ್ಪನ್ನ ಅಳೆಯಲು ಹೋದಾಗ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಬಾಳಿಕೆ ಬಾರದ ಸರಕುಗಳ ತಯಾರಿಕೆ ಎಷ್ಟು ಬೆಳೆದಿದೆ, ಎಷ್ಟು ಕುಗ್ಗಿದೆ ಅಂತ ಒಂದು ವರದಿಗೆ ಲೆಕ್ಕ ಹಾಕಿಕೊಡಬೇಕಿತ್ತು. ಎರಡು ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಒಂದೂವರೆ ತಿಂಗಳು ಹಿಡಿಯಿತು.

ಹೆಸರೇ ಮೊದಲು ದಾರಿ ತಪ್ಪಿಸುತ್ತದೆ. ಮೂರು ವರ್ಷವಾದರೂ ಬಾಳುವುದು ಬಾಳಿಕೆಯ ಸರಕು, ಮಿಕ್ಕಿದ್ದು ಬಾಳಿಕೆ ಬಾರದ್ದು ಎಂಬುದು ಅಮೆರಿಕದ ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್ (ಬಿಇಎ) ಹೇಳುವ ಮಾತು. ಆದರೆ ರಾಜ್ಯದ ಜಿಡಿಪಿಯಲ್ಲಿ ವಿಂಗಡಣೆ ಆಗುವುದು ಸರಕಿನದಲ್ಲ, ಕಾರ್ಖಾನೆಯದು. ಆಹಾರ, ಪಾನೀಯ ಮತ್ತು ತಂಬಾಕು ಒಂದು ಸಾಲು. ಆಮೇಲೆ ಬಟ್ಟೆ ಗಿರಣಿ, ಸಿದ್ಧ ಉಡುಪು, ಕಾಗದ, ಮುದ್ರಣ, ಪೆಟ್ರೋಲಿಯಂ, ರಾಸಾಯನಿಕ, ಪ್ಲಾಸ್ಟಿಕ್ ಮತ್ತು ರಬ್ಬರ್. ಒಟ್ಟು ಎಂಟು. ಔಷಧ ಬರುವುದು ರಾಸಾಯನಿಕದಲ್ಲಿ. ಟೈರ್ ಕಾರ್ಖಾನೆ ರಬ್ಬರಿನಲ್ಲಿ, ಅಂದರೆ ಬಾಳಿಕೆ ಬಾರದ್ದರಲ್ಲಿ. ಅದೇ ಟೈರನ್ನು ಗ್ರಾಹಕ ಕೊಂಡರೆ, ಕುಟುಂಬದ ಖರ್ಚಿನ ಲೆಕ್ಕದಲ್ಲಿ ಅದು ಬಾಳಿಕೆಯ ಸರಕು! ಈ ರಾಜ್ಯದ ಹೆಸರಾಂತ ಪೀಠೋಪಕರಣ ಉದ್ಯಮವಂತೂ ನನ್ನ ಲೆಕ್ಕದ ಆಚೆಗೇ ಉಳಿಯಿತು.

ಕಾರ್ಖಾನೆಗಳಿಂದ ಹೊರಬಿದ್ದ ಮಾಲಿನ ಬೆಲೆಯನ್ನೆಲ್ಲ ಕೂಡಿದರೆ ಆಗದು; ನೂಲಿನ ಬೆಲೆ ಬಟ್ಟೆಯಲ್ಲೂ ಬರುತ್ತದೆ, ಅಂಗಿಯಲ್ಲೂ ಬರುತ್ತದೆ. ಅಷ್ಟು ಗೊತ್ತಿತ್ತು. ಹಾಗಾಗಿ ಸೆನ್ಸಸ್ ಬ್ಯೂರೋದ ಉದ್ಯಮ ಗಣತಿಯಲ್ಲಿ 'ಮೌಲ್ಯವರ್ಧನೆ' (ಮಾಲಿನ ಬೆಲೆಯಲ್ಲಿ ಹೊರಗಿಂದ ಕೊಂಡದ್ದನ್ನು ಕಳೆದು ಉಳಿದದ್ದು) ಎಂದಿದ್ದ ಅಂಕಣವನ್ನು ನೆಚ್ಚಿಕೊಂಡೆ. ಬಿಇಎ ಅಂಕಿಯ ಪಕ್ಕ ಇಟ್ಟರೆ ನನ್ನದು ದಪ್ಪ. ಸೂತ್ರ ತಪ್ಪಿರಬೇಕೆಂದು ಎಕ್ಸೆಲ್ ಶೀಟನ್ನು ಮೂರು ಸಲ ಜಾಲಾಡಿದೆ. ಸೂತ್ರ ಸರಿಯೇ ಇತ್ತು. ಗಣತಿಯವರು ಕಚ್ಚಾಮಾಲು, ಇಂಧನ, ವಿದ್ಯುತ್ತು, ಹೊರಗೆ ಕೊಟ್ಟು ಮಾಡಿಸಿದ ಕೆಲಸ ಇಷ್ಟನ್ನು ಕಳೆಯುತ್ತಾರೆ. ಜಾಹೀರಾತು, ವಕೀಲರ ಫೀಸಿನಂಥ ಕೊಂಡ ಸೇವೆಗಳನ್ನು ಅದರಲ್ಲೇ ಬಿಡುತ್ತಾರೆ. ಬಿಇಎ ಅದನ್ನೂ ಕಳೆಯುತ್ತದೆ. ಪದ ಒಂದೇ, ಅರ್ಥ ಬೇರೆ.

ಕೊನೆಗೆ ಬಿಇಎ ದಾರಿಯಲ್ಲೇ ಹೋದೆ: ನೌಕರರಿಗೆ ಸಿಕ್ಕಿದ್ದು, ಉತ್ಪಾದನೆಯ ಮೇಲಿನ ತೆರಿಗೆಯಲ್ಲಿ ಸಬ್ಸಿಡಿ ಕಳೆದದ್ದು, ಇವೆರಡೂ ಹೋಗಿ ಉದ್ದಿಮೆಯ ಪಾಲಿಗೆ ಮಿಕ್ಕ ಒಟ್ಟು ಮಿಗುತೆ. ಮೂರನ್ನೂ ಕೂಡುವುದು. ನೌಕರರಿಗೆ ಸಿಕ್ಕಿದ್ದು ಎಂದರೆ ಸಂಬಳ ಮಾತ್ರ ಅಲ್ಲ, ಮಾಲೀಕರು ಕಟ್ಟುವ ವಿಮೆ, ಪಿಂಚಣಿಯೂ ಸೇರಬೇಕು.

ಮಾನ ಹೋಗುವಂಥ ತಪ್ಪು ಆದದ್ದು ಆಮೇಲೆ. ಉದ್ದನೆಯ ಚಿತ್ರ ಬೇಕೆಂದು 1997ರವರೆಗಿನ ಹಳೆಯ ಸರಣಿಗೆ 1997ರಿಂದಾಚೆಯ ಹೊಸದನ್ನು ಅಂಟಿಸಿದೆ. ಅಂಟಿಸಿದ ಜಾಗದಲ್ಲಿ ಗೆರೆ ಧೊಪ್ಪನೆ ಬಿತ್ತು. ನನಗೋ ಖುಷಿ. 1994ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದ ಜಾರಿಗೆ ಬಂತು, ಗಿರಣಿಗಳಿಗೆ ಏಟು ಬಿತ್ತು, ಕಥೆ ತಾನಾಗಿಯೇ ಕೂಡಿತಲ್ಲ! ಎರಡು ಪ್ಯಾರಾ ಬರೆದೂಬಿಟ್ಟೆ. ಮರುದಿನ ಸಾಲು ಸಾಲಾಗಿ ನೋಡಿದರೆ, ಬಟ್ಟೆಗಿಂತ ಜೋರಾಗಿ ಬಿದ್ದದ್ದು ಮುದ್ರಣ. ನಾಫ್ಟಾಗೂ ಊರಿನ ದಿನಪತ್ರಿಕೆಗೂ ಎತ್ತಣಿಂದೆತ್ತ ಸಂಬಂಧ? ನಡೆದದ್ದು ಇಷ್ಟೇ: ಎಸ್‌ಐಸಿ ಎಂಬ ಹಳೆಯ ವರ್ಗೀಕರಣ ಹೋಗಿ ನೈಕ್ಸ್ ಎಂಬ ಹೊಸದು ಬಂದಾಗ ಪತ್ರಿಕೆ, ಪುಸ್ತಕ ಪ್ರಕಾಶನವನ್ನು ತಯಾರಿಕೆಯಿಂದ ಕಿತ್ತು ಮಾಹಿತಿ ವಲಯಕ್ಕೆ ಹಾಕಿದರು. ಕಂಪನಿಗಳ ಮುಖ್ಯ ಕಚೇರಿಗಳೂ ಬೇರೆ ವಲಯಕ್ಕೆ ಹೋದವು. ಯಾವ ಕಾರ್ಖಾನೆಯೂ ಮುಚ್ಚದೆ ಅಂಕಿ ಕುಸಿದಿತ್ತು. 1997ಕ್ಕೆ ಎರಡೂ ಲೆಕ್ಕ ಸಿಗುತ್ತವೆ. ಪಕ್ಕಪಕ್ಕ ಇಟ್ಟಿದ್ದರೆ ಐದು ನಿಮಿಷದ ಮಾತು. ಪ್ಯಾರಾ ಅಳಿಸಿ, ಎರಡು ಬೇರೆ ಚಿತ್ರ ಮಾಡಿದೆ.

ಸ್ಥಿರ ಬೆಲೆಯ (ಬೆಲೆಯೇರಿಕೆಯನ್ನು ಕಳೆದ) ಕೋಷ್ಟಕದಲ್ಲಿ ಸಾಲುಗಳ ಮೊತ್ತ ಒಟ್ಟಿಗೆ ತಾಳೆಯಾಗದಿದ್ದರೆ ಗಾಬರಿ ಬೇಡ. ವರ್ಷವರ್ಷವೂ ತೂಕ ಬದಲಿಸಿ ಒಂದಕ್ಕೊಂದು ಕೊಂಡಿ ಹಾಕುವ ಸರಪಳಿ ಸೂಚ್ಯಂಕದ ಗುಣವೇ ಅದು.

ತಂಬಾಕಿನ ವಿಷಯ ಮಾತ್ರ ನನ್ನನ್ನು ಇವತ್ತಿಗೂ ಕಾಡುತ್ತದೆ. 2009ರ ಏಪ್ರಿಲ್ 1ರಂದು ಸಿಗರೇಟಿನ ಕೇಂದ್ರ ಸುಂಕ ಪ್ಯಾಕಿಗೆ 39 ಸೆಂಟಿನಿಂದ 1.01 ಡಾಲರಿಗೆ ಏರಿತು. ಕಾರ್ಖಾನೆ ಕಟ್ಟುವ ಈ ಸುಂಕವೂ ಚಾಲ್ತಿ ಬೆಲೆಯ (ಆಯಾ ವರ್ಷದ ಬೆಲೆಯಲ್ಲೇ ಎಣಿಸಿದ) ಉತ್ಪನ್ನದ ಭಾಗ. ಒಂದು ಸಿಗರೇಟೂ ಹೆಚ್ಚಾಗದೆ ಉತ್ಪನ್ನ ಹೆಚ್ಚಬಹುದು. ಇತ್ತ ಕನ್ನಾಪೊಲಿಸ್‌ನಲ್ಲಿ (ಹೆಸರು ಕೇಳಿ ಯಾವ ಕನ್ನಡಿಗನ ಕಿವಿಯಾದರೂ ನಿಮಿರೀತು) 2003ರ ಜುಲೈ 30ರಂದು ಪಿಲ್ಲೊಟೆಕ್ಸ್ ಗಿರಣಿ ಮುಚ್ಚಿ ರಾಜ್ಯದಲ್ಲಿ 4,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಟವೆಲು, ಬೆಡ್‌ಶೀಟಿನ ಗಿರಣಿಯಲ್ಲಿ ಜನ ಜಾಸ್ತಿ, ತಲೆಗೆ ಬರುವ ಮೌಲ್ಯ ಕಮ್ಮಿ. ಸಿಗರೇಟು, ಮಾತ್ರೆಯಲ್ಲಿ ಇದರ ತಿರುವುಮುರುವು. ಹೀಗಾಗಿ ಉದ್ಯೋಗದ ಗೆರೆ ಜಾರಿದಷ್ಟು ಉತ್ಪನ್ನದ ಗೆರೆ ಜಾರುವುದಿಲ್ಲ.

ತಂಬಾಕನ್ನು ತೆಗೆದು ತೋರಿಸೋಣ ಎಂದರೆ ಬಿಇಎ ಅದನ್ನು ಆಹಾರ, ಪಾನೀಯದ ಜೊತೆ ಒಂದೇ ಸಾಲಿನಲ್ಲಿ ಕಟ್ಟಿಟ್ಟಿದೆ. ಗಣತಿಗೆ ಮರಳಿ ಅಂದಾಜು ಮಾಡಿದೆ, ಅಂದಾಜು ಅಂತಲೇ ಬರೆದೆ, ಚಿತ್ರದ ಕೆಳಗೆ ನಾಲ್ಕು ಸಾಲಿನ ಅಡಿಟಿಪ್ಪಣಿ ಹಾಕಿದೆ. ವರದಿ ಅಚ್ಚಾಗಿ ಬಂತು. ಚಿತ್ರ ಬಣ್ಣದಲ್ಲಿ ಚೆನ್ನಾಗಿ ಮೂಡಿತ್ತು. ಅಡಿಟಿಪ್ಪಣಿಯನ್ನು ಜಾಗ ಸಾಲದೆಂದು ತೆಗೆದಿದ್ದರು.